ಕಿಟಕಿಗೊಬ್ಬ ನಂಬಿಗಸ್ತ ಬೇಕು

ನಮ್ಮ ಸೋದರಮಾವ ಹೆಣ್ಣು ನೋಡಲು ಹೋದಾಗ ಕೊಟ್ಟ ಚಹಾ ಆರುವುದರೊಳಗೆ ಒಪ್ಪಿಕೊಂಡು ಬಂದನಂತೆ. ಅದೇ ಮನುಷ್ಯ ನಮ್ಮ ಮನೆಗೆ ಕಿಟಕಿ ಕೂಡಿಸುವವನನ್ನು ಆರಿಸಲು ಒಂದಿಡೀ ಮಳೆಗಾಲ, ಅದು ಸಾಲದೆ ಚಳಿಗಾಲವನ್ನೂ ತೆಗೆದುಕೊಂಡ! ಈ ಮಾತು ಬಂದಾಗಲೆಲ್ಲ ಅತ್ತೆ ಅವನತ್ತ ಒಂದು ಥರಾ ನೋಡುತ್ತಾಳೆ.

ಕೊಪ್ಪಳದ ನಮ್ಮ ಮನೆಯ ಕಟ್ಟಿಗೆಯ ಕಿಟಕಿಗಳು ಮಳೆಗೆ ಉಬ್ಬಿ, ಬಿಸಿಲಿಗೆ ಸೀಳಿ, ಉಳಿದದ್ದು ಗೆದ್ದಲಿಗೆ ಊಟವಾಗಿತ್ತು. ಅವ್ವನ ಕೋಣೆಯದಂತೂ ಭುಜ ಕೊಟ್ಟು ನೂಕಿದರೆ ಮಾತ್ರ ತೆರೆಯುತ್ತಿತ್ತು. ಪಾರ್ಶ್ವವಾಯು ಬಡಿದು ಅವ್ವನ ಬಲಗೈ ಸೋತಿತ್ತು. ಎಡಗೈಯಲ್ಲಿ ಉಣ್ಣಲು ಕಲಿತಿದ್ದಳು. ಮಂಚದ ಮೇಲೆ ಕೂತು ಓಣಿ ನೋಡುವುದೊಂದೇ ಅವಳ ಹೊತ್ತು ಕಳೆಯುವ ದಾರಿ. ನಾನು ಶಾಲೆಗೆ ಪಾಠ ಹೇಳಲು ಹೋಗುವ ಮುಂಚೆ ತೆರೆದಿಟ್ಟರೆ ಗಾಳಿ ಎದ್ದಾಗ ಅವಳು ಧೂಳು ತಿನ್ನಬೇಕು, ಮುಚ್ಚಿದರೆ ನಾನು ಬರುವವರೆಗೆ ಗೋಡೆ ನೋಡಬೇಕು. ಬದಲಿಸಿಬಿಡೋಣ ಎಂದೆ. ಅವ್ವ ಖುಷಿಯಿಂದ ಈ ಸುದ್ದಿಯನ್ನು ಯಲಬುರ್ಗಾದಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳಿದಳು. ಅಲ್ಲಿಗೆ ನನ್ನ ಕಥೆ ಮುಗಿಯಿತು!

ಮರುದಿನ ಮೊದಲ ಬಸ್ಸಿಗೇ ಮಾಮಾ ಬಂದಿಳಿದ. ಸರ್ಕಾರಿ ಕಚೇರಿಯಲ್ಲಿ ಜೀವಮಾನವಿಡೀ ಜನರ ಅರ್ಜಿಗಳಲ್ಲಿ ತಪ್ಪು ಹುಡುಕಿ ವಾಪಸು ಕಳಿಸಿ ನಿವೃತ್ತನಾದವನು. ಆ ಅಭ್ಯಾಸ ಎಲ್ಲಿ ಹೋಗುತ್ತದೆ?

"ನೋಡವಾ, ಕಿಡಕಿ ಎಂಥಾದು ಅನ್ನೂದು ಆಮ್ಯಾಲಿನ ಮಾತು. ಮನಶ್ಯಾ ಎಂಥಾಂವ ಅನ್ನೂದು ಮೊದಲು. ಇದನ್ನ ನನಗ ಬಿಟ್ಟುಬಿಡು" ಎಂದ.

ಬಿಟ್ಟೆ. ಬಿಡದೆ ಏನು ಮಾಡಲಿ?

ಮೊದಲು ಬಂದವನು ಕೊಪ್ಪಳದವನೇ. ಇಸ್ತ್ರಿ ಮಾಡಿದ ಅಂಗಿ, ಸೊಂಟಕ್ಕೆ ಅಳತೆ ಟೇಪು. ಕೇಳಿದ್ದಕ್ಕೆಲ್ಲ "ಆಗತೈತ್ರಿ" ಎನ್ನುತ್ತಿದ್ದ. ಗಾಜು ದಪ್ಪನೆಯದು ಬೇಕು. ಆಗತೈತ್ರಿ. ವಾರದೊಳಗೆ ಮುಗಿಯಬೇಕು. ಆಗತೈತ್ರಿ. ಮಾಮಾ ಅದೇ ದನಿಯಲ್ಲಿ, "ಇದನ್ನ ಗ್ವಾಡಿ ಬಿಟ್ಟು ನೆತ್ತಿ ಮ್ಯಾಲಿನ ಮಾಳಿಗ್ಯಾಗ ಕೂಡಸಬೇಕ್ರಿ" ಎಂದ. ಪಾಪ, ಅವನು ಟೇಪು ಎಳೆಯುತ್ತಲೇ "ಆಗತೈತ್ರಿ" ಎಂದುಬಿಟ್ಟ!

ಗಂಗಾವತಿಯಿಂದ ಬಂದವನು ಇದಕ್ಕೆ ತದ್ವಿರುದ್ಧ. ಈ ಗೋಡೆಗೆ ಅದು ಬರುವುದಿಲ್ಲ, ಆ ಬಣ್ಣ ಸಿಗುವುದಿಲ್ಲ. ಸದ್ಯ, ಒಬ್ಬ ಪ್ರಾಮಾಣಿಕ ಸಿಕ್ಕನಲ್ಲ ಎಂದು ನಾನು ಉಸಿರು ಬಿಟ್ಟೆ. ಅವನು ಗೇಟು ದಾಟಿದ್ದೇ ಮಾಮಾ, "ಕೆಲಸ ಸಿಗೂಕಿಂತ ಮೊದಲ ಇಷ್ಟು ಇಲ್ಲ ಅಂದಾಂವ, ಕೆಲಸ ಮುಗದ ಮ್ಯಾಲೆ ಫೋನ್ ಎತ್ತತಾನೇನು?" ಎಂದ.

ಕುಷ್ಟಗಿಯ ಮೂರನೆಯವನನ್ನು ನೋಡಲು ನಾವೇ ಹೋದೆವು. ಬಾಗಿಲು ಬಡಿಯುವ ಮೊದಲು ಮಾಮಾ ಮನೆಯನ್ನು ಒಂದು ಸುತ್ತು ಹಾಕಿ ಬಂದು, "ತನ್ನ ಕಿಡಕಿಗೆ ರಟ್ಟು ಬಡದಾನ. ನಡಿ, ಬಸ್ ಐತಿ" ಎಂದ. ಆ ಮನುಷ್ಯನ ಮುಖವನ್ನು ನಾನು ಇಂದಿಗೂ ನೋಡಿಲ್ಲ.

ತಾವರಗೇರಾದ ಕಥೆ ಬೇರೆ. ಅಲ್ಲೊಬ್ಬರ ಮನೆಗೆ ಯಾರೋ ಚೆನ್ನಾಗಿ ಕಿಟಕಿ ಕೂಡಿಸಿದ್ದಾರೆ, ಹೋಗಿ ನೋಡೋಣ ಎಂದು ಭಾನುವಾರ ಮಾಮಾ ನನ್ನನ್ನು ಎಳೆದುಕೊಂಡು ಹೋದ. ಹೊಸ್ತಿಲಲ್ಲೇ ಮನೆಯ ಯಜಮಾನರು ಕೈಮುಗಿದು, "ಬರ್ರಿ, ಬರ್ರಿ, ನಿಮ್ಮ ಹಾದೀನ ಕಾಯಾಕತ್ತಿದ್ವಿ" ಎಂದರು. ಕಿಟಕಿ ನೋಡಲು ಬಂದವರಿಗೆ ಇಷ್ಟೊಂದು ಮರ್ಯಾದೆಯೇ! ಉಪ್ಪಿಟ್ಟು ಬಂತು. ಮಾಮಾ ತಿಂದು, ಎದ್ದು, ಪಡಸಾಲೆಯ ಕಿಟಕಿಗಳನ್ನು ತೆರೆದು ಮುಚ್ಚತೊಡಗಿದ. ಯಜಮಾನರು ಬೆವರೊರೆಸಿಕೊಂಡು, "ಮನಿ ಸಣ್ಣದು, ಆದರ ಹುಡುಗಿ ಭಾಳ ಛಲೋ ಅದಾಳ್ರಿ" ಎಂದರು. ಅಷ್ಟರಲ್ಲಿ ರೇಷ್ಮೆ ಸೀರೆಯುಟ್ಟ ಹುಡುಗಿ ಚಹಾದ ತಟ್ಟೆ ಹಿಡಿದು ಬಂದೇ ಬಿಟ್ಟಳು!

"ತಪ್ಪ ತಿಳೀಬ್ಯಾಡ್ರಿ, ನಾವು ಕಿಡಕಿ ಅಷ್ಟ ನೋಡಾಕ ಬಂದೀವಿ" ಎಂದ ಮಾಮಾ.

ನಿಜವಾದ ಬೀಗರು ಗೇಟಿನಲ್ಲಿ ಎದುರಾದರು. ನಾನು ತಲೆ ಎತ್ತಲಿಲ್ಲ. ಮಾಮಾ ಮಾತ್ರ ಅವರಿಗೆ, "ಹುಡುಗಿ ಛಲೋ ಅದಾಳ. ಪಡಸಾಲಿ ಎಡಗಡೀ ಕಿಡಕಿ ಒಂದು ಸ್ವಲ್ಪ ಬಿಗಿ" ಎಂದು ತಿಳಿಸಿಯೇ ಬಸ್ಸು ಹತ್ತಿದ.

ವಾಪಸು ಬರುವಾಗ ನನಗೆ ಸಾಕುಸಾಕಾಗಿತ್ತು. ಮಳೆಗಾಲವೆಲ್ಲ ಅವ್ವನ ಕಿಟಕಿಗೆ ತಾಡಪತ್ರಿ ಕಟ್ಟಿದ್ದೆ. ಹಗಲಲ್ಲೂ ಲೈಟು ಹಾಕಿಕೊಂಡು ಅವಳು ಸುಮ್ಮನೆ ಕೂತಿರುತ್ತಿದ್ದಳು.

"ಮಾಮಾ, ಇನ್ನ ಸಾಕು. ಯಾರನ್ನರ ಕರಿ. ಕೆಟ್ಟ ಮಾಡಿದರೂ ಮಾಡಲಿ" ಎಂದೆ.

ಅವನು, "ಇನ್ನ ಒಂದ ಮನಿ ಐತಿ. ಅದೂ ಆಗಲಿಲ್ಲಂದರ ನೀ ಹೇಳಿದಾಂಗ" ಎಂದ.

ಆ ಮನೆ ಹಿಟ್ನಾಳದಲ್ಲಿತ್ತು. ಒಬ್ಬ ಮುಸ್ಲಿಂ ಅಜ್ಜಿ ಬಾಗಿಲು ತೆಗೆದಳು. ಇಲ್ಲಿ ಮಾಮಾ ಕಿಟಕಿಗಳನ್ನು ಮುಟ್ಟಲಿಲ್ಲ. "ಕೂಡಿಸಿದ ಮ್ಯಾಲೆ ಏನರ ಕೆಟ್ಟಿತ್ತೇನ್ರೀ ಅಮ್ಮಾ?" ಎಂದಷ್ಟೇ ಕೇಳಿದ.

"ಕೆಟ್ಟಿತ್ತಲ್ರಿ! ಮೊದಲನೇ ಮಳಿಗೇ ನೀರು ಒಳಗ ಬಂತು. ಕರದು ಹಂಗ ಬೈದೀನ್ರಿ ಅವಗ. ಬಾಯಿ ಮುಚ್ಚಿಗೊಂಡು ಬೈಸಿಕೊಂಡ, ಬಿಚ್ಚಿ ಮತ್ತ ಕೂಡಿಸಿದ. ಮುಂದಿನ ಮಳಿಗೆ ನಾ ಕರೀದನ ಬಂದು ನೋಡಿ ಹೋದ."

ಮಾಮಾ ನನ್ನತ್ತ ತಿರುಗಿದ. "ಇಂವನ!"

ಹಾಗೆ ಆಯ್ಕೆಯಾದವನು ಅದೇ ಊರಿನ ನಡುವಯಸ್ಸಿನ ಮನುಷ್ಯ. ಹೇಳಿದ ದಿನವೇ ಅಳತೆಗೆ ಬಂದ. ಮಾಮಾ ಅವನನ್ನು ಅವ್ವನ ಮಂಚದ ಮೇಲೆ ಕೂಡಿಸಿ, "ಹಿಡಿಕಿ ಇಲ್ಲಿಂದ ಎಡಗೈಗೆ ಸಿಗಬೇಕು. ಕೂಸು ಎಳದರೂ ಸರೀಬೇಕು" ಎಂದ. ಅವನು ಕೂತಲ್ಲಿಂದಲೇ ಎಡಗೈ ಚಾಚಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿಕೊಂಡ.

ಕಿಟಕಿಗಳು ಬಂದವು, ಕೂತವು. ಕೊನೆಯದು ಅವ್ವನ ಕೋಣೆಯದು. ಮಧ್ಯಾಹ್ನ ಕೆಲಸ ಮುಗಿದಾಗ ಮಾಮಾ, "ಹೊರಗಿಂದ ನೋಡತೀನಿ" ಎಂದು ಚಪ್ಪಲಿ ಮೆಟ್ಟಿ ಓಣಿಗಿಳಿದ. ಅವ್ವ ಅಂಜುತ್ತ ಎಡಗೈ ಚಾಚಿ ಹಿಡಿಕೆ ಮುಟ್ಟಿದಳು. ಗಾಜು ಸದ್ದಿಲ್ಲದೆ ಸರಿಯಿತು. ಅವಳ ಮುಖದ ತುಂಬ ಬೆಳಕು.

"ಏ ತಮ್ಮಾ, ಬಿಸಲಾಗ ಯಾಕ ನಿಂತೀಯೋ? ಒಳಗ ಬಾ!" ಎಂದು ಕೂಗಿದಳು.

ಎಲ್ಲದಕ್ಕೂ ಒಂದು ತಕರಾರು ಇಟ್ಟುಕೊಂಡಿರುವ ಮನುಷ್ಯ, "ನಾ ಸರೀ ನೋಡ್ಲಿಲ್ಲಕ್ಕಾ. ಮುಚ್ಚಿ ಇನ್ನೊಮ್ಮಿ ತಗಿ" ಎಂದ.

ಅವ್ವ ಮುಚ್ಚಿದಳು, ತೆರೆದಳು.

"ಇನ್ನೊಮ್ಮಿ."

ಕಿಟಕಿಯವನು ಗಾಬರಿಯಾಗಿ ನನ್ನ ಹತ್ತಿರ ಬಂದು, "ಏನರ ತಪ್ಪಾಗೇತೇನ್ರಿ ಟೀಚರ್?" ಎಂದು ಪಿಸುಗುಟ್ಟಿದ.

"ಏನೂ ಆಗಿಲ್ರಿ. ಸುಮ್ನ ನಿಂದರ್ರಿ" ಎಂದೆ.

ಹೊರಗೆ ಮಾಮಾ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಒಳಗೆ ಅವ್ವ, ಯಾರೂ ಹೇಳದೆಯೇ, ಮತ್ತೊಮ್ಮೆ ಕಿಟಕಿ ಸರಿಸುತ್ತಿದ್ದಳು.