ಮೊಮ್ಮಗಳ ಫೋಟೋಗೆ ಬರೆದ ಅಡಿಟಿಪ್ಪಣಿ

ತಾರೀಖಿಲ್ಲದ ಫೋಟೋ ಸಂಶೋಧಕನ ಪಾಲಿಗೆ ಬರಿಯ ಕಾಗದ. ಶಾಸನಗಳ ಕಾಲನಿರ್ಣಯದಲ್ಲಿಯೇ ತಲೆ ನರೆತ ನನಗೆ ಇದರಲ್ಲಿ ಎಂದೂ ಸಂಶಯ ಬಂದದ್ದಿಲ್ಲ. ಆದ್ದರಿಂದ, ಪುಣೆಯ ನಮ್ಮ ಕನ್ನಡ ಸಂಘದ ಭಾಷಣ ಸ್ಪರ್ಧೆಯ ಮೊದಲ ಸುತ್ತನ್ನು ಮೊಮ್ಮಗಳು ಗೆದ್ದಾಗ, ಅವಳ ಫೋಟೋವನ್ನು ಸಾಮಾಜಿಕ ಜಾಲತಾಣಕ್ಕೆ ಏರಿಸುವ ಐತಿಹಾಸಿಕ ಹೊಣೆಯನ್ನು ನಾನೇ ವಹಿಸಿಕೊಂಡೆ.

ಭಾಷಣದ ವಿಷಯ, ಅಂತರಜಾಲದಲ್ಲಿ ವಿದ್ಯಾರ್ಥಿಗಳ ಸುರಕ್ಷತೆ. ನಾನು ಅದನ್ನು ಪೂರ್ತಿ ಕೇಳಿರಲಿಲ್ಲ. ಆಮಂತ್ರಣ ಪತ್ರಿಕೆಯ ತಾರೀಖೂ ವಾರವೂ ತಾಳೆಯಾಗುತ್ತವೆಯೇ ಎಂದು ಪರಿಶೀಲಿಸುತ್ತಿದ್ದೆ. ಆಗಿರಲಿಲ್ಲ!

ಫೋಟೋದ ಕೆಳಗೆ ಅಡಿಟಿಪ್ಪಣಿ ಬರೆದೆ: ಹೆಸರು, ಜನ್ಮದಿನಾಂಕ, ಶಾಲೆ, ತರಗತಿ, ಬಸ್ಸಿನ ಸಂಖ್ಯೆ, ನಿಲ್ದಾಣ, ಬಸ್ಸು ಬರುವ ವೇಳೆ. ಆ ವಿವರಗಳನ್ನು ಇಲ್ಲಿ ಮತ್ತೆ ಕೊಡುವುದಿಲ್ಲ. ಅಷ್ಟು ಬುದ್ಧಿ ಈಗ ಬಂದಿದೆ. ವೇಳೆಯ ಖಚಿತತೆಗಾಗಿ ಬಸ್ಸಿನ ಚಾಲಕನನ್ನೇ ಸಂದರ್ಶಿಸಿದ್ದೆ.

"ಕಾಕಾ, ಟೈಮ್ ಕಶಾಲಾ ಪಾಹಿಜೆ?" ಟೈಮ್ ಯಾಕೆ ಬೇಕೆಂದು ಮರಾಠಿಯಲ್ಲಿ ಕೇಳಿ ಆತ ಅನುಮಾನದಿಂದ ನೋಡಿದ.

"ಇತಿಹಾಸಾಸಾಠೀ!" ಇತಿಹಾಸಕ್ಕಾಗಿ ಎಂದು ನಾನೂ ಮರಾಠಿಯಲ್ಲಿಯೇ ಗಂಭೀರವಾಗಿ ಉತ್ತರಿಸಿದೆ.

ಸ್ವಲ್ಪ ಹೊತ್ತಿನಲ್ಲಿಯೇ, ಮುಖದ ಬದಲು ಗುಲಾಬಿ ಹೂವಿನ ಚಿತ್ರವಿದ್ದ ಅಪರಿಚಿತರೊಬ್ಬರು ನಮ್ಮ ಬಡಾವಣೆಯ ಹೆಸರು ಹಿಡಿದು ಕೇಳಿದರು: "ಹಡಪಸರದಾಗ ಆ ಸ್ಟಾಪ್ ಎಲ್ಲಿ ಬರ್ತದ್ರಿ ಸರ್?"

ನನ್ನ ಅಡಿಟಿಪ್ಪಣಿಯನ್ನು ಓದಿ ಪ್ರಶ್ನೆ ಕೇಳಿದ ಮೊದಲ ಓದುಗ! ಇಡೀ ವೃತ್ತಿಜೀವನದಲ್ಲಿ ಇಂಥ ಜಿಜ್ಞಾಸು ಸಿಕ್ಕಿರಲಿಲ್ಲ. ಕೂಡಲೇ ನಕಾಶೆ ಬರೆದು ಹಾಕಿದೆ. ಅಳತೆ ಸಮೇತ. ಉತ್ತರ ದಿಕ್ಕನ್ನೂ ಗುರುತಿಸಿದ್ದೆ.

ಸಂಜೆ ಶಾಲೆಯಿಂದ ಬಂದ ಮೊಮ್ಮಗಳು ಮೊಬೈಲ್ ನೋಡಿ ಚೀಲವನ್ನು ಅಲ್ಲಿಯೇ ಇಳಿಸಿದಳು.

"ಅಜ್ಜಾ, ನನ್ನ ಭಾಷಣ ಕೇಳಿದ್ಯೋ ಇಲ್ಲೋ?"

"ಭಾಳ ಛಂದ ಇತ್ತವ್ವಾ."

"ಹಂಗಾದ್ರ ಏನೇನ್ ಮಾಡಬಾರ್ದು ಅಂದಿದ್ದೆ, ಹೇಳು?"

ಆಮಂತ್ರಣ ಪತ್ರಿಕೆಯಲ್ಲಿ ವಾರ ತಪ್ಪಾಗಿತ್ತು ಎಂದೆ.

"ನೀ ಮಾಡಿದ್ದು ಅಷ್ಟೂ ಅದ್ರಾಗಿತ್ತು!"

ಅಡುಗೆಮನೆಯಿಂದ ನನ್ನ ಹೆಂಡತಿಯ ವಿಮರ್ಶೆ ಬಂತು: "ಭಾಳ ಶ್ಯಾಣ್ಯಾರು! ಯಾರಂತ ಗೊತ್ತಿಲ್ಲ, ನಕಾಶಿ ಬರದು ಕೊಟ್ಟಾರ. ಚಹಾಕ್ಕೂ ಕರೀರಲ್ಲ!"

ಅಳಿಸಿಬಿಡು ಎಂದಳು ಮೊಮ್ಮಗಳು. ಆದರೆ ಪ್ರಕಟವಾದದ್ದನ್ನು ಸೂಚನೆಯಿಲ್ಲದೆ ಅಳಿಸುವುದು ವಿದ್ವತ್ತಿಗೆ ಒಪ್ಪುವ ಕ್ರಮವೇ? ಮೊದಲು ಹಿಂತೆಗೆತದ ಪ್ರಕಟಣೆ ಹೊರಡಿಸಿದೆ: "ಈ ಕೆಳಗಿನ ಏಳು ವಿವರಗಳನ್ನು ಓದುಗರು ದಯವಿಟ್ಟು ಮರೆಯತಕ್ಕದ್ದು." ಕೆಳಗೆ ಏಳನ್ನೂ ಕ್ರಮವಾಗಿ ಕೊಟ್ಟೆ!

ಹೆಂಡತಿ ಮೊಬೈಲ್ ಕಸಿದುಕೊಂಡಳು. ಮೊಮ್ಮಗಳು ಎಲ್ಲವನ್ನೂ ಅಳಿಸಿ, ಗುಲಾಬಿ ಹೂವಿನವರನ್ನು ಬ್ಲಾಕ್ ಮಾಡಿ, ಜಾಲತಾಣಕ್ಕೆ ದೂರು ಕೊಟ್ಟು, ತರಗತಿಯ ಶಿಕ್ಷಕಿಗೂ ತಿಳಿಸಿದಳು. ಆ ಹೂವು ಯಾರೆಂದು ಇಂದಿಗೂ ಗೊತ್ತಿಲ್ಲ. ಮರುದಿನದಿಂದ ಅವಳ ನಿಲ್ದಾಣ ಬದಲಾಯಿತು. ಬಸ್ಸು ಬರುವವರೆಗೆ ನಾನು ಅವಳ ಪಕ್ಕದಲ್ಲಿ ನಿಲ್ಲತೊಡಗಿದೆ. ವೇಳೆಯನ್ನು ಎಲ್ಲಿಯೂ ಬರೆದಿಟ್ಟುಕೊಳ್ಳಲಿಲ್ಲ.

ಅಂತಿಮ ಸುತ್ತಿನ ಹಿಂದಿನ ದಿನ ಅವಳು ಬಂದು ಕೇಳಿದಳು: "ನಿನ್ನ ಕಥಿ ಹೇಳಲೇನು? ಹೆಸರು ಹೇಳೂದಿಲ್ಲ, ಪ್ರಾಮಿಸ್. ಇನ್ನೊಬ್ಬರದು ಕೇಳದ ಹಾಕಬಾರ್ದಲ್ಲ, ಅದಕ್ಕ ಕೇಳ್ಲಿಕತ್ತೀನಿ."

ನನಗೆ ಯಾರೂ ಕಲಿಸದ ಪಾಠ ಅದು. ತಲೆಯಾಡಿಸಿದೆ.

ವೇದಿಕೆಯಲ್ಲಿ ಅವಳು ಮಾತು ಕೊಟ್ಟಂತೆಯೇ ನಡೆದುಕೊಂಡಳು: "ನನಗೆ ಗೊತ್ತಿರುವ ಹಿರಿಯರೊಬ್ಬರು..." ನಕಾಶೆಯ ಭಾಗ ಬಂದಾಗ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಕ್ಕದ ಕುರ್ಚಿಯವರು ಕಿವಿಯಲ್ಲಿ ಕೇಳಿದರು, "ಯಾರಿರಬಹುದ್ರಿ ಈ ಪುಣ್ಯಾತ್ಮ?" ನಾನೂ ಕುತೂಹಲದಿಂದ ಸುತ್ತಲೂ ನೋಡಿದೆ. ಎಲ್ಲವೂ ಸುರಕ್ಷಿತವಾಗಿತ್ತು.

"ಆ ಮಂಗಳವಾರ ಸಂಜೆ ನಾನು ಮನೆಗೆ ಬಂದಾಗ..." ಎಂದಳು ಅವಳು.

"ಮಂಗಳವಾರ ಅಲ್ಲವ್ವಾ, ಬುಧವಾರ!"

ಧ್ವನಿ ನನ್ನದೇ ಆಗಿತ್ತು. ನಾನು ಎದ್ದು ನಿಂತಿದ್ದೆ!

ಮೊದಲ ಬಹುಮಾನ ಅವಳಿಗೇ ಬಂತು. ಈ ಸಲದ ಫೋಟೋವನ್ನು ಅವಳೇ ಮನೆಯವರ ಗುಂಪಿಗೆ ಕಳಿಸಿದಳು. ಹಿಂದೆ ನಿಂತ ನನ್ನ ಮುಖವನ್ನು ಮಸುಕು ಮಾಡಿದ್ದಾಳೆ. ನನ್ನ ಗುರುತು ಯಾರಿಗೂ ಸಿಗದಿರಲಿ ಎಂದಂತೆ!