ಅವ್ವನ ಕಾರ್ಡಿನಲ್ಲಿ ಖಾಜಾಬಿ

ಸರ್ಕಾರದ ದುಂಡನೆಯ ಶಿಕ್ಕಾ ಬಿದ್ದ ಕಾಗದವೆಂದರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಭಕ್ತಿ. ಕೆಲವರು ಹಳೆಯ ನಾಣ್ಯ ಕೂಡಿಡುತ್ತಾರೆ, ಕೆಲವರು ಅಂಚೆಚೀಟಿ. ನಾನು ನನ್ನ ಬಗ್ಗೆ ಸರ್ಕಾರ ಏನೇನು ಬರೆದಿದೆಯೋ ಅದನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟುಕೊಂಡವನು. ತೊಂದರೆಯೆಂದರೆ ಆ ಕಾಗದಗಳು ಒಂದರ ಮಾತು ಇನ್ನೊಂದು ಕೇಳುವುದಿಲ್ಲ. ಶಾಲೆಯ ದಾಖಲೆಯ ಪ್ರಕಾರ ನಾನು ಹುಟ್ಟಿದ್ದು ಜೂನ್ ಒಂದನೇ ತಾರೀಕು. ನಾನೊಬ್ಬನೇ ಅಲ್ಲ, ನಮ್ಮ ಇಡೀ ಒಂದನೇ ಇಯತ್ತೆ ಅಂದೇ ಹುಟ್ಟಿತ್ತು. ಮಕ್ಕಳನ್ನು ಸೇರಿಸಲು ಬಂದವರಾರಿಗೂ ತಾರೀಕು ಗೊತ್ತಿಲ್ಲದ್ದರಿಂದ ಹೆಡ್‌ಮಾಸ್ತರರು ಎಲ್ಲರಿಗೂ ಒಂದೇ ದಿನ ಹಂಚಿಬಿಟ್ಟಿದ್ದರು. ರೇಷನ್ ಕಾರ್ಡು ಬರೆಯಲು ಬಂದವನು ನನ್ನ ಮುಖ ನೋಡಿ ಅಂದಾಜಿಗೊಂದು ವಯಸ್ಸು ಹಾಕಿಕೊಂಡು ಹೋದ. ಮತದಾರರ ಪಟ್ಟಿಯಲ್ಲಂತೂ ನಾನು ನನ್ನ ತಮ್ಮನಿಗಿಂತ ಚಿಕ್ಕವನು. ಖರೆ ಯಾವುದು ಎಂದು ಅವ್ವನನ್ನು ಕೇಳಿದರೆ, “ಸೀತನಿ ತಿನ್ನೂ ದಿನದಾಗ ಹುಟ್ಟೀಯಪ್ಪಾ. ನಾ ಹೊಲದಾಗ ಜ್ವಾಳದ ತೆನಿ ಸುಟಗೋತ ಕುಂತಿದ್ದೆ,” ಎನ್ನುತ್ತಿದ್ದಳು. ಇದನ್ನು ಯಾವ ಅರ್ಜಿಯ ಯಾವ ಖಾನೆಯಲ್ಲಿ ತುಂಬಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ನಮ್ಮೂರು ಯಡ್ರಾಮಿ ಕಡೆಯದು. ಅಲ್ಲಿ ಗುರುತು ಕೇಳುವ ರೀತಿಯೇ ಬೇರೆ. ಬಸ್ಸಿಳಿದವನನ್ನು ಕಟ್ಟೆಯ ಮೇಲಿನ ಹಿರಿಯರು “ಯಾರ ಪೈಕಿಯಪ್ಪಾ?” ಎಂದು ಕೇಳುತ್ತಾರೆ. ಅಜ್ಜನ ಹೆಸರು ಹೇಳಿದರೆ ಸಾಕು, ನಿಮ್ಮ ಹೊಲ, ನಿಮ್ಮ ಬಾವಿ, ನಿಮ್ಮ ಸೋದರತ್ತೆ ಸಿಟ್ಟು ಮಾಡಿಕೊಂಡು ತವರಿಗೆ ಬಂದ ಕಥೆ ಎಲ್ಲವನ್ನೂ ಅವರೇ ನಿಮಗೆ ಹೇಳುತ್ತಾರೆ. ಇಂಥ ಊರಿಗೆ ತೊಂಬತ್ತರ ದಶಕದಲ್ಲಿ ಒಂದು ದಿನ ಫೋಟೊ ಇರುವ ಗುರುತಿನ ಚೀಟಿ ಬರುತ್ತದೆಂದು ಡಂಗುರವಾಯಿತು. ಜೇವರ್ಗಿಯಲ್ಲಿ ಕಾಳುಕಡಿ ಮಾರಿಸಿಕೊಡುವ ಒಂದು ಅಡತಿ ಅಂಗಡಿಯ ಗುಮಾಸ್ತನಾಗಿದ್ದ ನಾನು ರಜೆ ಹಾಕಿ ಊರಿಗೆ ಓಡಿದೆ. ಕಾರ್ಡಿಲ್ಲದವರಿಗೆ ಇನ್ನು ಮುಂದೆ ಓಟೂ ಇಲ್ಲ ಎಂಬ ಸುದ್ದಿ ಬೇರೆ ಹಬ್ಬಿತ್ತು.

ಓಟಿನ ಮಾತು ಬಂದರೆ ನಮ್ಮ ಮನೆಯಲ್ಲಿ ಅದು ನನಗಿಂತ ಅವ್ವನಿಗೆ ದೊಡ್ಡದು. ಯಾರಿಗೆ ಹಾಕುತ್ತಾಳೆಂದು ಅಪ್ಪನಿಗೂ ಹೇಳಿದವಳಲ್ಲ. ಅವಳ ಆಸೆ ಬೇರೆಯೇ ಇತ್ತು. ವರ್ಷವಿಡೀ ಅವಳು ಒಬ್ಬರಿಗೆ ಅವ್ವ, ಒಬ್ಬರಿಗೆ ಆಯಿ, ಒಬ್ಬರಿಗೆ ಕಾಕು. ಓಟಿನ ದಿನ ಮಾತ್ರ ಮೇಜಿನ ಹಿಂದೆ ಕೂತ ಸರ್ಕಾರದ ಮನುಷ್ಯ ಎಲ್ಲರಿಗೂ ಕೇಳುವಂತೆ “ಗುರುಬಾಯಿ, ಗಂಡ ಸಿದ್ರಾಮಪ್ಪ” ಎಂದು ಕೂಗುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಆ ಎರಡು ಹೆಸರು ಜೋಡಿಯಾಗಿ ಕೇಳಿಬರುತ್ತಿದ್ದುದು ಅದೊಂದೇ ಜಾಗದಲ್ಲಿ. ಅದಕ್ಕಾಗಿ ಅವಳು ಟ್ರಂಕಿನೊಳಗಿನ ಇಳಕಲ್ ಸೀರೆ ಉಟ್ಟು ಹೋಗುತ್ತಿದ್ದಳು.

ಫೋಟೊ ತೆಗೆಯುವ ಕೆಲಸ ಶಾಲೆಯ ಅಂಗಳದಲ್ಲಿ. ಗೋಡೆಗೊಂದು ಬಿಳಿ ಬಟ್ಟೆ, ಅದರ ಮುಂದೆ ಒಂದು ಕಬ್ಬಿಣದ ಕುರ್ಚಿ. ಪಟ್ಟಿ ಹಿಡಿದ ಕಾರಕೂನ ಹೆಸರು ಕೂಗಿ, ಆ ಹೆಸರಿನ ನಂಬರನ್ನು ಪಾಟಿಯ ಮೇಲೆ ಸೀಮೆಸುಣ್ಣದಿಂದ ಬರೆದು ಕೊಡುವುದು, ಕುರ್ಚಿಯಲ್ಲಿ ಕೂತವರು ಅದನ್ನು ಎದೆಗೆ ಹಿಡಿದುಕೊಳ್ಳುವುದು, ಫೋಟೊದವನು ಗುಂಡಿ ಒತ್ತುವುದು. ಮುಂದೆ ಎಲ್ಲೋ ಯಾರೋ ಪಾಟಿಯ ನಂಬರಿಗೂ ಪಟ್ಟಿಯ ಹೆಸರಿಗೂ ಗಂಟು ಹಾಕಿ ಕಾರ್ಡು ಮಾಡುತ್ತಾರೆ. ಇಷ್ಟು ಚೊಕ್ಕ ವ್ಯವಸ್ಥೆ. ಆದರೆ ಅದನ್ನು ಯೋಚಿಸಿದವರು ನಮ್ಮೂರ ಹೆಂಗಸರನ್ನು ನೋಡಿರಲಿಲ್ಲ. ಮೊದಲನೆಯದಾಗಿ, ಗಂಡನ ಹೆಸರು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಅವ್ವನ ಗಂಡನ ಹೆಸರನ್ನು ಹಿಂದೆ ನಿಂತಿದ್ದ ಪಕ್ಕದ ಮನೆಯ ಖಾಜಾಬಿ ಹೇಳಿದಳು, ಖಾಜಾಬಿಯ ಗಂಡನ ಹೆಸರನ್ನು ಅವ್ವ ಹೇಳಿದಳು. ಎರಡನೆಯದಾಗಿ, ಹಿರಿಯರನ್ನು ನಿಲ್ಲಿಸಿ ಕಿರಿಯರು ಕುರ್ಚಿಯಲ್ಲಿ ಕೂಡುವುದೆಂದರೇನು? ಖಾಜಾಬಿ ಅವ್ವನಿಗಿಂತ ನಾಲ್ಕಾರು ವರ್ಷ ದೊಡ್ಡವಳು, ಮೇಲೆ ಮೊಣಕಾಲು ನೋವು. ಅವ್ವ ತನ್ನ ನಂಬರಿನ ಪಾಟಿಯನ್ನು ಅವಳ ಕೈಗಿಟ್ಟು, “ಮೊದಲ ನೀ ಕುಂಡ್ರಬೇ ಅಕ್ಕಾ, ಎಷ್ಟೊತ್ತು ನಿಂದರತಿ,” ಎಂದಳಂತೆ. “ಇಲ್ಲಬೇ, ನೀನ ಕುಂಡ್ರು,” ಎಂದು ಖಾಜಾಬಿ. ಕಡೆಗೆ ಖಾಜಾಬಿ ಕೂತಳು, ಗುಂಡಿ ಒತ್ತಿದ್ದಾಯಿತು. ಆಮೇಲೆ ಖಾಜಾಬಿಯ ನಂಬರು ಹಿಡಿದು ಅವ್ವ ಕೂತಳು. ಕಾರಕೂನ ಪಟ್ಟಿಯಿಂದ ತಲೆ ಎತ್ತಲಿಲ್ಲ. ಓದಿದ ಮಗ ನಾನಾದರೂ ನೋಡಬೇಕಿತ್ತು. ನಾನು ಆಗ ಶಾಲೆಯ ಹಿಂದೆ ಅಂಗೈಯಗಲದ ಕನ್ನಡಿಯಲ್ಲಿ ಮೀಸೆ ತಿದ್ದಿಕೊಳ್ಳುತ್ತಿದ್ದೆ. ಮುಖಕ್ಕೆ ಪೌಡರು, ತಲೆಗೆ ಎಣ್ಣೆ, ಗೆಳೆಯನಿಂದ ಕೇಳಿ ತಂದ ಕೋಟು, ಸರ್ಕಾರಕ್ಕೆ ಕೊಡುವ ಮುಖವೆಂದರೆ ಹುಡುಗಾಟವೇ!

ಕೆಲವು ತಿಂಗಳ ಮೇಲೆ ಕಾರ್ಡುಗಳು ಬಂದವು. ನನ್ನ ಕಾರ್ಡು ಅಚ್ಚುಕಟ್ಟಾಗಿತ್ತು. ಹುಬ್ಬು ತುಸು ಮೇಲೆತ್ತಿ ದೂರ ನೋಡುತ್ತಿರುವ ಭರ್ಜರಿ ಮೀಸೆಯ ಒಬ್ಬ ಗಂಭೀರ ವ್ಯಕ್ತಿ. ಅವ್ವನ ಕಾರ್ಡಿನಲ್ಲಿ ಮಾತ್ರ ಗುರುಬಾಯಿ, ಗಂಡ ಸಿದ್ರಾಮಪ್ಪ ಎಂದು ಬರೆದು ಖಾಜಾಬಿ ನಗುತ್ತಿದ್ದಳು. ಅವ್ವನ ಓಟು ಹೋಯಿತು ಎಂದುಕೊಂಡೆ. ಇಬ್ಬರನ್ನೂ ಕೂಡಿಸಿ, ಕಾಗದದಲ್ಲಿ ತಪ್ಪಿದ್ದರೆ ಮನುಷ್ಯ ಇದ್ದೂ ಇಲ್ಲದಂತೆ, ಇವತ್ತು ಓಟು ಹೋದದ್ದು ನಾಳೆ ರೇಷನ್ ಹೋಗುತ್ತದೆ ಎಂದು ದೊಡ್ಡ ಭಾಷಣವನ್ನೇ ಮಾಡಿದೆ. ಖಾಜಾಬಿ ಎರಡೂ ಕಾರ್ಡು ತಿರುಗಿಸಿ ಮುರುಗಿಸಿ ನೋಡಿ, “ಗುರುಬಾಯಿ, ನಿನ್ನ ಫೋಟೊ ಛಲೋ ಬಂದದ ನೋಡಬೇ,” ಎಂದಳು. ಅವ್ವ, “ನಿಂದೇನ ಕಮ್ಮಿ ಬಂದದ,” ಎಂದಳು. ಭಾಷಣದ ಫಲ ಇಷ್ಟೇ.

ನಾನು ಬಿಡಲಿಲ್ಲ. ಎರಡೂ ಕಾರ್ಡು ಹಿಡಿದು ತಾಲೂಕು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಸಭ್ಯರು. ಕೂಡಿಸಿ, ನೀರು ಕೊಟ್ಟು ಕೇಳಿದರು: “ಹೆಸರು ತಪ್ಪ್ಯಾವೋ, ಫೋಟೊ ತಪ್ಪ್ಯಾವೋ? ಹೆಸರು ತಪ್ಪಿದ್ರ ಈ ಅರ್ಜಿ, ಫೋಟೊ ತಪ್ಪಿದ್ರ ಆ ಅರ್ಜಿ.”

“ಎರಡೂ ಸರಿ ಅದಾವ್ರೀ. ಜಾಗ ಅದಲಿಬದಲಿ ಆಗ್ಯಾವ,” ಎಂದೆ.

ಅವರು ಎರಡೂ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. “ಎರಡೂ ಸರಿ ಇದ್ರ ಮತ್ತ ತಪ್ಪೇನ್ರಿ? ಅದಕ್ಕ ಅರ್ಜಿ ಇಲ್ಲ,” ಎಂದರು. ಇಬ್ಬರೂ ಹೆಣ್ಣುಮಕ್ಕಳನ್ನು ಕರೆತಂದರೆ ಸಾಹೇಬರ ಮುಂದೆ ನಿಲ್ಲಿಸಿ, ಹೊಸದಾಗಿ ಫೋಟೊ ತೆಗೆಸಿ, ಏನಾದರೂ ದಾರಿ ನೋಡೋಣ ಎಂದು ಸಮಾಧಾನವನ್ನೂ ಹೇಳಿದರು. ನಾನು ಊರಿಗೆ ಹೋಗಿ ಕರೆದರೆ ಅವ್ವ ರೊಟ್ಟಿ ಬಡಿಯುತ್ತ ತಲೆ ಎತ್ತದೆ, “ಖಾಜಾಬಿಗೆ ಮೊಣಕಾಲ ನೋವು, ಬಸ್ಸು ಹತ್ತಾಕ ಆಗಂಗಿಲ್ಲ. ನನ್ನ ಮಾರಿ ನನಗೇನ ನೋಡೂದದ? ಆಕೀದ ಇರಲಿ ಬಿಡು,” ಎಂದಳು. ಕಾರ್ಡನ್ನು ಒರೆಸಿ ದೇವರ ಮಾಡದಲ್ಲಿ ಇಟ್ಟೂಬಿಟ್ಟಳು. ನನಗೆ ಸಿಟ್ಟು ಬಂತು, ಹಿಂದೆಯೇ ನಾಚಿಕೆಯೂ ಬಂತು. ಸಿಟ್ಟನ್ನಷ್ಟೇ ತೋರಿಸಿ ಜೇವರ್ಗಿಗೆ ಬಂದೆ.

ಮೂರು ವರ್ಷದ ಮೇಲೆ ಓಟಿನ ದಿನ ಬಂತು. ಇಳಕಲ್ ಸೀರೆಯ ಅವ್ವ, ಅವಳ ಹಿಂದೆ ಖಾಜಾಬಿ ಹೆಂಗಸರ ಸಾಲಿನಲ್ಲಿ. ನಾನು ಗಂಡಸರ ಸಾಲಿನಲ್ಲಿ, ಕಣ್ಣೆಲ್ಲ ಅವರ ಕಡೆ. ಅಫಜಲಪುರ ಕಡೆಯಿಂದ ಬಂದಿದ್ದ ಅಧಿಕಾರಿ ಕಾರ್ಡು ನೋಡಿದರು, ಅವ್ವನನ್ನು ನೋಡಿದರು, ಮತ್ತೆ ಕಾರ್ಡು ನೋಡಿದರು. “ಯವ್ವಾ, ಈ ಫೋಟೊ ನಿಮ್ಮದು ಅಲ್ಲಲ್ಲ?”

“ಅಲ್ರೀ,” ಎಂದಳು ಅವ್ವ, ಇದರಲ್ಲಿ ಕೇಳುವುದೇನಿದೆ ಎನ್ನುವಂತೆ. “ಅದು ಈಕೀದು. ನಂದು ಈಕೀ ಕೈಯಾಗದ.” ಹಿಂದಿನಿಂದ ಖಾಜಾಬಿ ಕಾರ್ಡು ಮೇಲೆತ್ತಿ ತೋರಿಸಿದಳು.

ಅಧಿಕಾರಿ ಗೋಡೆಯ ಪಕ್ಕ ಬೆಂಚಿನಲ್ಲಿ ಕೂತಿದ್ದ ಏಜೆಂಟರ ಕಡೆ ತಿರುಗಿದರು. ಒಂದೊಂದು ಪಕ್ಷದ ಒಬ್ಬೊಬ್ಬ ತರುಣ. ಬೆಳಗಿನಿಂದ ಯಾವುದಕ್ಕೂ ಒಪ್ಪದೆ ಕಚ್ಚಾಡಿದವರು. ಈಗ ಎಲ್ಲರೂ ಒಂದೇ ಉಸಿರಿಗೆ, “ನಮ್ಮ ಗುರುಬಾಯಿ ಆಯೀನ್ರಿ ಆಕಿ! ಆಕೀ ಹಿಂದ ನಮ್ಮ ಖಾಜಾಬಿ ಆಯಿ!” ಎಂದರು. ಅಧಿಕಾರಿ ನಕ್ಕು, ಎಲ್ಲರಿಗೂ ಕೇಳುವಂತೆ “ಗುರುಬಾಯಿ, ಗಂಡ ಸಿದ್ರಾಮಪ್ಪ” ಎಂದು ಕೂಗಿದರು. ಅವ್ವ ಸೆರಗು ಸರಿಮಾಡಿಕೊಂಡು ಬೆರಳು ಚಾಚಿದಳು.

ಖಾಜಾಬಿಯದೂ ಆದ ಮೇಲೆ ಸರದಿ ನನ್ನದು. ತಪ್ಪಿಲ್ಲದ ಕಾರ್ಡನ್ನು ಎರಡೂ ಕೈಯಿಂದ ಕೊಟ್ಟೆ. ಅಧಿಕಾರಿಯ ನಗು ಮಾಯವಾಯಿತು. ಕಾರ್ಡಿನಲ್ಲಿ ಕೋಟು, ಮೀಸೆ, ದಟ್ಟ ಕ್ರಾಪು. ಮೇಜಿನ ಮುಂದೆ ಮೀಸೆ ಬೋಳಿಸಿದ, ನೆತ್ತಿ ಬಯಲಾಗುತ್ತಿರುವ, ಬಸ್ಸಿನ ಧೂಳು ಮೆತ್ತಿದ ಒಬ್ಬ ಗುಮಾಸ್ತ. “ಇವರು ಯಾರ್ರೀ?” ಎಂದು ಏಜೆಂಟರನ್ನು ಕೇಳಿದರು. ಕೊನೆಯ ಬಸ್ಸಿಗೆ ಬಂದು ಮೊದಲ ಬಸ್ಸಿಗೆ ಹೋಗುವ ನನ್ನನ್ನು ಆ ತರುಣರು ಎಲ್ಲಿ ನೋಡಬೇಕು? ಒಬ್ಬ, “ಎಲ್ಲೋ ನೋಡಿದಂಗ ಅದ,” ಎಂದ. ಇನ್ನೊಬ್ಬ, “ಗ್ಯಾರಂಟಿ ಹೇಳಾಕ ಬರಂಗಿಲ್ರೀ,” ಎಂದ. ಹೆಸರು, ವಯಸ್ಸು ಎಲ್ಲ ಹೇಳಿದೆ. ಆ ವಯಸ್ಸು ಪಟ್ಟಿಗೆ ಹೊಂದದೆ ಸಂಶಯ ಇನ್ನಷ್ಟು ಗಟ್ಟಿಯಾಯಿತು.

ಅಷ್ಟರಲ್ಲಿ ಖಾಜಾಬಿಯನ್ನು ಮುಂದೆ ಕಳಿಸಿ ಬಾಗಿಲಿಗೆ ಹೊರಟಿದ್ದ ಅವ್ವ ತಿರುಗಿ ಬಂದಳು. ಖಾಜಾಬಿಯ ಮುಖವಿದ್ದ ಕಾರ್ಡು ಕೈಯಲ್ಲೇ ಇತ್ತು. “ಇವ ನನ್ನ ಮಗ ಅದಾನ್ರೀ, ನಾ ಹೇಳ್ತೇನಿ. ಒಳಗ ಬಿಡ್ರಿ,” ಎಂದಳು.

“ಖಾತ್ರಿ ಏನು ಯವ್ವಾ?”

ಅವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಮೀಸಿ ತಗದ ಮ್ಯಾಲ ಮಾರಿ ಹಿಂಗಾಗ್ಯದ್ರೀ, ಏನ ಮಾಡೂದು. ನನ್ನವನ ಅದಾನ.”

ಏಜೆಂಟರು ತಕ್ಷಣ, ಆಯಿ ಹೇಳಿದ ಮೇಲೆ ತಮ್ಮ ತಕರಾರಿಲ್ಲ ಎಂದರು. ಹೀಗೆ ನಾನು ಭಾರತದ ಪ್ರಜೆಯಾಗಿ ಓಟು ಹಾಕಿ ಹೊರಗೆ ಬಂದೆ. ಬೇವಿನ ಮರದ ಕೆಳಗೆ ಖಾಜಾಬಿ ಕಾಯುತ್ತಿದ್ದಳು. “ಯಾಕಬೇ, ಇಷ್ಟು ತಡಾ?” ಎಂದು ಅವ್ವನನ್ನು ಕೇಳಿದಳು.

“ಏನಿಲ್ಲಬೇ, ನಮ್ಮ ಹುಡುಗನ ಕಾರ್ಡಿನ್ಯಾಗ ಏನೋ ತಪ್ಪಾಗ್ಯದಂತ,” ಎಂದಳು ಅವ್ವ.

ಖಾಜಾಬಿ ನನ್ನ ಕಡೆ ತಿರುಗಿ, ಮರುಕದಿಂದ ನನ್ನ ಬೆನ್ನು ಸವರಿದಳು. “ಕಚೇರಿಗೆ ಹೋಗಿ ಜಲ್ದಿ ತಿದ್ದಿಸ್ಕೊಂಡು ಬಾ ಮಗಾ,” ಎಂದಳು. “ಕಾಗದ ನೆಟ್ಟಗ ಇರಬೇಕಪಾ.”