ಕಡಲಾಚೆಯ ಸೂತಕ

ಜಾಲ್ಸೂರು ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಹರಿಪ್ರಸಾದನ ಬಾಯಿಂದ ಆ ಮಾತು ಜಾರಿದ್ದು ಮೂರು ತಿಂಗಳ ಹಿಂದೆ, ಕಡಬದಲ್ಲಿ ಹೆಣ್ಣು ನೋಡಲು ಹೋಗಿದ್ದಾಗ. ಅವನ ಕೈಯಲ್ಲಿ ಆಗ ಅರ್ಧ ಕಚ್ಚಿದ ಅಂಬೊಡೆ ಇತ್ತು.

ಅದು ಅವನು ನೋಡುತ್ತಿದ್ದ ಇಪ್ಪತ್ತೇಳನೆಯ ಹೆಣ್ಣು. ಹಿಂದಿನ ಇಪ್ಪತ್ತಾರು ಮನೆಗಳಲ್ಲೂ ಅಂಬೊಡೆ ಚೆನ್ನಾಗಿತ್ತು, ಸಂಬಂಧ ಮಾತ್ರ ಕೂಡಿಬಂದಿರಲಿಲ್ಲ. ಅಂಗಡಿ ಉಂಟು, ಸ್ಕೂಟರ್ ಉಂಟು ಅಂದ ಮೇಲೆ ಹೆಣ್ಣಿನ ಕಡೆಯವರು "ಬೇರೆ ಎಂತ ಉಂಟು?" ಎಂದು ಕೇಳುತ್ತಿದ್ದರು. ಬೇರೆ ಎಂತದೂ ಇರಲಿಲ್ಲ.

ಇಲ್ಲಿ ಆ ಪ್ರಶ್ನೆ ಬರುವ ಮೊದಲೇ ಅವನ ಕಣ್ಣು ಗಾಜಿನ ಕಪಾಟಿನ ಮೇಲೆ ಬಿತ್ತು. ಒಬ್ಬನೇ ಲೇಖಕನ ಹದಿನೆಂಟು ಇಂಗ್ಲಿಷ್ ಕಾದಂಬರಿಗಳು ಸಾಲಾಗಿ ನಿಂತಿದ್ದವು. "ಅಜ್ಜ ತರಿಸಿಟ್ಟದ್ದು. ಪಾಪ, ಅವರಿಗೆ ಇಂಗ್ಲಿಷ್ ಓದ್ಲಿಕ್ಕೇ ಬರ್ತಿರಲಿಲ್ಲ," ಅಂದಳು ಹುಡುಗಿ ಹೇಮಶ್ರೀ. ರಾಮಕುಂಜದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್ ಅವಳು. ಬಿಸಿಲಿಗೆ ಕಪ್ಪಾಗುವ ಗಾಜಿನ ಕನ್ನಡಕ ಹಾಕಿಕೊಂಡಿದ್ದಳು. ಹರಿಪ್ರಸಾದ ಸುಮ್ಮನೆ ಒಂದು ಪುಸ್ತಕ ತೆಗೆದು ಹಿಂದೆ ತಿರುಗಿಸಿದ. ಬಿಳಿ ಕೂದಲಿನ ಮುದುಕನ ಫೋಟೋ ಇತ್ತು. ಕೆಳಗಿನ ನಾಲ್ಕು ಸಾಲನ್ನು ಕಷ್ಟಪಟ್ಟು ಓದಿದ. ಹೆಸರು ಫರ್ಗಸ್ ಟರ್ನ್‌ಬುಲ್, ಊರು ಸ್ಕಾಟ್ಲೆಂಡ್, ಬರೆಯುವುದು ಗೂಢಚಾರರ ಕತೆ. ಇವರ ಅಜ್ಜ ಒಂದು ಕಾಲದಲ್ಲಿ ಸುಳ್ಯದಿಂದ ಮಡಿಕೇರಿ ಕಡೆಗೆ ಹೋಗುವ ರಸ್ತೆಗೆ ಮೋರಿ ಕಟ್ಟಿಸಲು ಬಂದ ಇಂಜಿನಿಯರ್ ದೊರೆಯಂತೆ.

"ಇವರು ನಮ್ಮವರೇ," ಅಂದುಬಿಟ್ಟ ಹರಿಪ್ರಸಾದ.

"ನಮ್ಮವರು ಅಂದ್ರೆ?"

"ಕುಟುಂಬ. ಇವರ ಅಜ್ಜ ಮೋರಿ ಕಟ್ಟಿಸ್ಲಿಕ್ಕೆ ಬಂದಾಗ ನಮ್ಮಲ್ಲಿಂದಲೇ ಮದುವೆ ಆದದ್ದು. ನಮ್ಮ ಮುತ್ತಜ್ಜ ಆ ದೊರೆಯ ಮಗ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೇಮಶ್ರೀಯ ಅಜ್ಜಿ ದೇವಮ್ಮನ ಕೈಯಿಂದ ಕಾಫಿ ಲೋಟ ಠಣ್ಣೆಂದು ಬಿತ್ತು. ಪ್ರಾಯ ಆದವರ ಕೈ, ನಡುಗಿರಬೇಕು ಎಂದು ಎಲ್ಲರೂ ತಿಳಿದರು. ಹೇಮಶ್ರೀ ಮಾತ್ರ ಕನ್ನಡಕ ಸರಿಮಾಡಿಕೊಂಡು ಅವನನ್ನು ಮೊದಲ ಸಲ ಪೂರ್ತಿ ನೋಡಿದಳು.

"ಇವರ ಕತೆಯ ಗೂಢಚಾರರ ಬಗ್ಗೆ ನಿಮಗೆ ಎಂತ ಅನಿಸ್ತದೆ?"

"ಪಾಪ, ಹೆಂಡ್ತಿ ಮಕ್ಕಳನ್ನು ಬಿಟ್ಟು ಊರೂರು ಅಲೆಯುದು ಸುಲಭ ಅಲ್ಲ," ಅಂದ ಹರಿಪ್ರಸಾದ ಗಂಭೀರವಾಗಿ. ಅವಳು ಬಾಯಿಗೆ ಸೆರಗು ಹಿಡಿದಳು. ನಾಲ್ಕನೇ ದಿನ ಒಪ್ಪಿಗೆ ಅಂತ ಫೋನ್ ಬಂತು.

ಸುಳ್ಳು ಅಲ್ಲಿಗೇ ನಿಂತಿದ್ದರೆ ಈ ಕತೆ ಹೇಳುವ ಕೆಲಸ ನನಗೆ ಇರುತ್ತಿರಲಿಲ್ಲ. ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರ್ ಮಹಾಬಲರು ಸುದ್ದಿಯನ್ನು ಊರಿನ ಪತ್ರಿಕೆಗೆ ಮುಟ್ಟಿಸಿದರು. 'ಜಾಲ್ಸೂರಿಗೂ ಸ್ಕಾಟ್ಲೆಂಡಿಗೂ ರಕ್ತಸಂಬಂಧ' ಎಂಬ ತಲೆಬರಹದಲ್ಲಿ ವಂಶವೃಕ್ಷ ಸಮೇತ ಅಚ್ಚಾಯಿತು. ಮಹಾಬಲರು ಅದನ್ನು ಲ್ಯಾಮಿನೇಷನ್ ಮಾಡಿಸಿ ಜೇಬಿನಲ್ಲೇ ಇಟ್ಟುಕೊಂಡರು. ಅಪ್ಪನಿಲ್ಲದ ಹರಿಪ್ರಸಾದನಿಗೆ ಹಿರಿಯನೆಂದರೆ ದೊಡ್ಡಪ್ಪ ಬೆಳ್ಯಪ್ಪ ಗೌಡರು. ಮೊದಲು ಅವರು "ನಾನು ಎಲ್ಲಿಯೂ ಕೇಳಿಲ್ವಲ್ಲ ಮಾರಾಯ" ಎಂದು ಗದರಿದರು. ಬಸ್ಸಿನಲ್ಲಿ ಜನ ಎದ್ದು ಸೀಟು ಕೊಡತೊಡಗಿದ ಮೇಲೆ ಅವರಿಗೆ ನಿಧಾನವಾಗಿ ನೆನಪು ಬರಲು ಶುರುವಾಯಿತು. ಎರಡನೇ ವಾರಕ್ಕೆ ದೊರೆಯ ಟೊಪ್ಪಿ ನೆನಪಾಯಿತು. ನಾಲ್ಕನೇ ವಾರಕ್ಕೆ ದೊರೆಯ ನಾಯಿಯ ಹೆಸರೂ ನೆನಪಾಯಿತು.

ನಿಶ್ಚಿತಾರ್ಥಕ್ಕೆ ಜುಲೈಯಲ್ಲಿ ದಿನ ಸಿಕ್ಕಿತು. ಒಂಬತ್ತು ದಿನ ಕಳೆದರೆ ಆಟಿ ತಿಂಗಳು. ಆಟಿಯಲ್ಲಿ ಯಾರೂ ಶುಭಕಾರ್ಯದ ಸುದ್ದಿ ಎತ್ತುವುದಿಲ್ಲ. ಸಾಲದ್ದಕ್ಕೆ ಆಟಿ ಎರಡಕ್ಕೆ ಹರಿಪ್ರಸಾದನಿಗೆ ನಲವತ್ತು ತುಂಬುತ್ತಿತ್ತು. ನಲವತ್ತರೊಳಗೆ ವೀಳ್ಯ ಬದಲಾಗದಿದ್ದರೆ ಈ ಜನ್ಮದಲ್ಲಿ ಮದುವೆಯ ಯೋಗವಿಲ್ಲ ಎಂದು ಜೋಯಿಸರು ಕವಡೆ ಎತ್ತಿಟ್ಟು ಹೇಳಿದ್ದರು. ಹಾಗಾಗಿ ಆ ದಿನ ಬೆಳಗ್ಗೆ ಐದಕ್ಕೇ ಎದ್ದು ಹೊಸ ಸೂಟು ಹಾಕಿ ಕನ್ನಡಿ ಮುಂದೆ ನಿಂತಿದ್ದ.

ಆರೂವರೆಗೆ ಮಹಾಬಲರು ಬಂದರು. ಬಂದವರು ಅವನ ಎರಡೂ ಕೈ ಹಿಡಿದುಕೊಂಡರು.

"ಪ್ರಸಾದ, ಮನಸ್ಸು ಗಟ್ಟಿ ಮಾಡು ಮಾರಾಯ. ನಿನ್ನೆ ಸಂಜೆ ಹೋಗಿಬಿಟ್ರು."

"ಯಾರು?"

"ನಿಮ್ಮ ಟರ್ನ್‌ಬುಲ್. ಮೊಬೈಲಿನಲ್ಲಿ ಬಂದದ್ದು. ಎಂಬತ್ನಾಲ್ಕು ಆಗಿತ್ತಂತೆ."

"ಛೆ," ಅಂದ ಹರಿಪ್ರಸಾದ, ಟೈ ಎಳೆಯುತ್ತ. "ದೊಡ್ಡ ಮನುಷ್ಯ."

"ಅದಲ್ಲ. ಸೂತಕ ಎಂತ ಮಾಡುದು?"

ಹರಿಪ್ರಸಾದ ಟೈ ಬಿಟ್ಟು ಇತ್ತ ತಿರುಗಿದ. "ಸೂತಕ ಎಂತದ್ದು ಮಹಾಬಲಣ್ಣ? ಅವರು ಅಲ್ಲಿ, ನಾವು ಇಲ್ಲಿ."

ಒಳಗಿಂದ ಬೆಳ್ಯಪ್ಪ ಗೌಡರು ಬಂದರು. ಸೂತಕ, ಗೋತ್ರದ ಹಾಗಿನ ಬಳಿ, ಕುಟುಂಬ ಅಂದರೆ ಅವರ ಮಾತೇ ಅಂತಿಮ. ಆ ಹೊತ್ತಿಗೆ ಅವರು ಸುಪ್ರೀಂ ಕೋರ್ಟಿನವರ ಹಾಗೆ ಕೂರುತ್ತಿದ್ದರು. "ಕಡಲು ದಾಟಿದ್ರೂ ರಕ್ತ ರಕ್ತವೇ. ದುಬಾಯಿಯಲ್ಲಿ ಸತ್ರೆ ನಾವು ಸೂತಕ ಹಿಡಿಯುದಿಲ್ವಾ? ಸ್ಕಾಟ್ಲೆಂಡಿಗೆ ಮಾತ್ರ ಎಂತ ರಿಯಾಯ್ತಿ? ಹನ್ನೊಂದು ದಿನ."

"ಅದು ದೂರದ ಸಂಬಂಧ ದೊಡ್ಡಪ್ಪ. ಏಳು ತಲೆ ದಾಟಿದೆ."

ಮಹಾಬಲರು ಜೇಬಿನಿಂದ ಲ್ಯಾಮಿನೇಷನ್ ತೆಗೆದು ವಂಶವೃಕ್ಷದ ಮೇಲೆ ಬೆರಳಿಟ್ಟು ಎಣಿಸಿದರು. "ಐದೇ ತಲೆ. ನೀನೇ ಬರೆಸಿದ್ದು."

ನಿಜ ಹೇಳಿದರೆ ಸೂತಕ ಹೋಗುತ್ತಿತ್ತು, ಆದರೆ ಹುಡುಗಿಯೂ ಹೋಗುತ್ತಿದ್ದಳು. ಹೇಳದಿದ್ದರೆ ಹನ್ನೊಂದು ದಿನ, ಆಮೇಲೆ ಆಟಿ, ಆಮೇಲೆ ನಲವತ್ತು. ಹರಿಪ್ರಸಾದನಿಗೆ ಅಳು ಬಂದದ್ದು ನಿಜ. ಅದನ್ನು ಕಂಡ ಮಹಾಬಲರು, ರಕ್ತಸಂಬಂಧ ಅಂದರೆ ಹೀಗೆ ಎಂದು ಸುತ್ತ ನಿಂತವರಿಗೆ ತೋರಿಸಿದರು.

ಕಡೆಗೆ ಬೆಳ್ಯಪ್ಪ ಗೌಡರೇ ಒಂದು ದಾರಿ ಹೇಳಿದರು. ಅಲ್ಲಿ ಇನ್ನೂರು ಜನರಿಗೆ ಅಡುಗೆ ಆಗುತ್ತಿದೆ, ಇದು ಫೋನಿನಲ್ಲಿ ಹೇಳುವ ವಿಷಯವಲ್ಲ; ಹೋಗಿ ಎದುರಿಗೇ ತಿಳಿಸುವುದು ಮರ್ಯಾದೆ. ಹೆಣ್ಣಿನ ಕಡೆಯವರಿಗೆ ಸುದ್ದಿ ಮುಟ್ಟಿರಲಿಕ್ಕಿಲ್ಲ, ದಾರಿಯಲ್ಲಿ ದೊಡ್ಡಪ್ಪನ ಮನಸ್ಸು ತಿರುಗಿಸಿದರಾಯಿತು ಎಂದುಕೊಂಡು ಹರಿಪ್ರಸಾದ ವ್ಯಾನು ಹತ್ತಿದ.

ಸುಳ್ಯದಲ್ಲಿ ಫ್ಲೆಕ್ಸ್ ಅಂಗಡಿಯ ಕಾಸಿಂ ರಸ್ತೆಗೆ ಅಡ್ಡ ನಿಂತು ವ್ಯಾನು ನಿಲ್ಲಿಸಿದ. ನಿಶ್ಚಿತಾರ್ಥದ ಫ್ಲೆಕ್ಸ್ ಅವನೇ ಮಾಡಿಕೊಡಬೇಕಿತ್ತು. ಮಹಾಬಲರ ಮೆಸೇಜು ನೋಡಿ, ಕೇಳದೆಯೇ, ಪ್ರೀತಿಯಿಂದ ಅದನ್ನು ಬದಲಿಸಿದ್ದ.

"ಪ್ರಸಾದಣ್ಣ, ನಿಮ್ಮ ಮನೆಯ ದುಃಖ ನಮ್ಮದೂ ಅಲ್ವಾ? ನೀವು ಇಳಿಯುದು ಬೇಡ, ನಾನೇ ಕಟ್ತೇನೆ."

ಬೈಂಡಿಂಗ್ ವಯರಿನಲ್ಲಿ ಎಂಟು ಕಡೆ ಬಿಗಿದು ಕಟ್ಟಿ ಕಳಿಸಿಕೊಟ್ಟ. ಹರಿಪ್ರಸಾದ ಅದನ್ನು ಕಂಡದ್ದು ಬೆಳ್ಳಾರೆಯಲ್ಲಿ ಮಲ್ಲಿಗೆ ಕೊಳ್ಳಲು ಇಳಿದಾಗ. ವ್ಯಾನಿನ ಮೂತಿಯ ಉದ್ದಗಲಕ್ಕೂ 'ಭಾವಪೂರ್ಣ ಶ್ರದ್ಧಾಂಜಲಿ'. ಮೂಲೆಯಲ್ಲಿ ಟರ್ನ್‌ಬುಲ್, ಅಂಚೆಚೀಟಿಯಷ್ಟು. ನಡುವೆ ಹರಿಪ್ರಸಾದ, ಕನ್ನಡಕವಿಲ್ಲದೆ, ನಿಶ್ಚಿತಾರ್ಥಕ್ಕೆಂದು ತೆಗೆಸಿದ ನಗುಮುಖದಲ್ಲಿ. 'ದುಃಖತಪ್ತ ಕುಟುಂಬ' ಎಂಬುದು ಕೆಳಗೆ ಇರುವೆಯಷ್ಟು ಅಕ್ಷರದಲ್ಲಿತ್ತು. ಕಟಿಂಗ್ ಪ್ಲೇಯರ್ ಇಲ್ಲದೆ ಬಿಚ್ಚುವ ಹಾಗಿರಲಿಲ್ಲ.

ಹೂವಿನ ಮೊಯ್ದೀನ್ ಫ್ಲೆಕ್ಸನ್ನೂ ಎದುರಿಗೆ ನಿಂತ ಕನ್ನಡಕದ ಮನುಷ್ಯನನ್ನೂ ನೋಡಿದ. "ಇದಕ್ಕೆ ಮಲ್ಲಿಗೆ ಬೇಡ ಅಣ್ಣ, ಸೇವಂತಿಗೆ ಹಾರ ಆಗ್ತದೆ. ಹುಡುಗನಿಗೆ ಎಷ್ಟು ಪ್ರಾಯ ಆಗಿತ್ತು?"

"ಮೂವತ್ತೊಂಬತ್ತು," ಅಂದ ಹರಿಪ್ರಸಾದ.

"ಮದುವೆ?"

"ಇವತ್ತು ನಿಶ್ಚಿತಾರ್ಥ ಇತ್ತು."

ಮೊಯ್ದೀನ್ ತಲೆಯ ಮೇಲಿನ ಟೊಪ್ಪಿ ಸರಿಮಾಡಿಕೊಂಡು ಕಣ್ಣು ಒರೆಸಿದ. ಸೇವಂತಿಗೆ ಹಾರವನ್ನು ತಾನೇ ಫ್ಲೆಕ್ಸಿಗೆ ತೊಡಿಸಿದ.

ಹಾಗೆ ಹಾರ ಹಾಕಿಕೊಂಡು ಮದುಮಗ ಕಡಬದ ಸಭಾಭವನದ ಮುಂದೆ ಇಳಿದ. ಒಳಗಿಂದ ಸಾಂಬಾರಿನ ಪರಿಮಳ ಬರುತ್ತಿತ್ತು. ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ದೇವಮ್ಮ ಕೂತಿದ್ದರು.

"ಸೂತಕದವರು ಒಳಗೆ ಬರುದು ಬೇಡ. ಇವತ್ತು ಆಗ್ಲಿಕ್ಕಿಲ್ಲ."

ಇವರಿಗೆ ಸುದ್ದಿ ಹೇಗೆ ಮುಟ್ಟಿತು ಎಂದು ಹರಿಪ್ರಸಾದ ಮಹಾಬಲರ ಕಡೆ ನೋಡಿದ. ಮಹಾಬಲರು ಮೊಬೈಲನ್ನು ಬೆನ್ನ ಹಿಂದೆ ಹಿಡಿದರು.

ಹೇಮಶ್ರೀಯ ಅಪ್ಪ ತಾಯಿಗೆ ಸಮಾಧಾನ ಹೇಳಿದರು. "ಅಮ್ಮ, ಕಡಲಾಚೆಯ ಸಾವು. ಒಂದು ಸ್ನಾನ ಮಾಡಿದ್ರೆ ಸಾಕಾಗ್ತದೋ ಏನೋ."

"ಅದು ಹೇಗೆ ಸಾಕಾಗ್ತದೆ?" ಅಂದವರು ಬೆಳ್ಯಪ್ಪ ಗೌಡರು. ದಾರಿಯುದ್ದಕ್ಕೂ ಹರಿಪ್ರಸಾದ ತಿರುಗಿಸಿದ್ದ ಅವರ ಮನಸ್ಸು, ಇನ್ನೂರು ಜನ ಕೇಳುತ್ತಿದ್ದಾರೆಂದು ಗೊತ್ತಾದದ್ದೇ ಮತ್ತೆ ಮೊದಲಿನ ಕಡೆಗೇ ತಿರುಗಿತು. "ಕಡಲು ದಾಟಿದ್ರೂ ರಕ್ತ ರಕ್ತವೇ. ದುಬಾಯಿಯಲ್ಲಿ ಸತ್ರೆ ಸೂತಕ ಇಲ್ವಾ?" ಇನ್ನೂರು ಜನ ತಲೆದೂಗಿದರು.

ಬಾಗಿಲ ಹಿಂದೆ ಹಸಿರು ಸೀರೆಯಲ್ಲಿ ಹೇಮಶ್ರೀ ನಿಂತಿದ್ದಳು. ಅವಳನ್ನು ನೋಡಿ ಹರಿಪ್ರಸಾದನಿಗೆ ಥಟ್ಟನೆ ನಾಚಿಕೆಯಾಯಿತು. ಎಲ್ಲಿಯೋ ಸತ್ತ ಒಬ್ಬ ಒಳ್ಳೆಯ ಮುದುಕನ ಹೆಸರಿನಲ್ಲಿ ತಾನು ಇಲ್ಲಿ ಹೆಣ್ಣು ಕೇಳುತ್ತಿದ್ದೇನೆ ಅನಿಸಿತು. ಇವಳು ಸಿಗದಿದ್ದರೂ ಅಡ್ಡಿಯಿಲ್ಲ, ಇವಳ ಹತ್ತಿರ ಸುಳ್ಳು ಸಾಕು ಅನಿಸಿತು.

"ಸೂತಕ ಇಲ್ಲ," ಅಂದ. "ಯಾಕಂದ್ರೆ ಸಂಬಂಧವೇ ಇಲ್ಲ. ನಾನು ಹೇಳಿದ್ದು ಸುಳ್ಳು. ಪುಸ್ತಕದ ಹಿಂದೆ ಓದಿ ಅಲ್ಲಿಯೇ ಕಟ್ಟಿದ್ದು. ನಮ್ಮ ಮುತ್ತಜ್ಜ ದೊರೆಯ ಮಗ ಅಲ್ಲ, ಎತ್ತಿನ ಗಾಡಿ ಹೊಡೀತಿದ್ರು. ಟರ್ನ್‌ಬುಲ್ ಬರೆದದ್ದು ಒಂದು ಪುಟ ಸಹ ನಾನು ಓದಿಲ್ಲ."

"ನಾಯಿಯ ಹೆಸರು?" ಅಂದರು ಮಹಾಬಲರು, ಬೆಳ್ಯಪ್ಪ ಗೌಡರ ಕಡೆ ತಿರುಗಿ. ಗೌಡರು ಚಪ್ಪರದ ತೋರಣವನ್ನು ಪರೀಕ್ಷಿಸುತ್ತಿದ್ದರು.

ಹೇಮಶ್ರೀ ಅಜ್ಜಿಯ ಕುರ್ಚಿ ದಾಟಿ ಹೊರಗೆ ಬಂದಳು. ಅವಳು ನಗುತ್ತಿದ್ದಳು.

"ನೀವು ಓದಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಹೆಂಡ್ತಿ ಮಕ್ಕಳನ್ನು ಬಿಟ್ಟು ಅಲೆಯುದು ಅಂದ್ರಲ್ಲ? ಹದಿನೆಂಟು ಪುಸ್ತಕದಲ್ಲಿಯೂ ಗೂಢಚಾರಿ ಒಬ್ಬಳು ಮುದುಕಿ. ಮದುವೆಯೇ ಆಗಿಲ್ಲ ಅವಳಿಗೆ."

"ಮತ್ತೆ ಯಾಕೆ ಒಪ್ಪಿದ್ದು?"

"ಬಂದವರೆಲ್ಲ ಸಂಬಳ ಹೇಳಿ ಹೋದ್ರು. ಕತೆ ಹೇಳಿದ್ದು ನೀವೊಬ್ಬರೇ."

ಹರಿಪ್ರಸಾದನಿಗೆ ನಿಂತ ನೆಲ ಒಂದು ಅಂಗುಲ ಮೇಲೆದ್ದ ಹಾಗಾಯಿತು. ಹೇಮಶ್ರೀಯ ಅಪ್ಪ ಜೋರಾಗಿ ನಕ್ಕರು. ಯಾರೋ ವೀಳ್ಯದ ಹರಿವಾಣ ತಂದರು, ಯಾರೋ ಬಡಿಸಲು ಎಲೆ ಹಾಕಿ ಎಂದು ಕೂಗಿದರು. ಮುಹೂರ್ತಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ಅಷ್ಟರಲ್ಲಿ ದೇವಮ್ಮ ಅಳಲು ಶುರುಮಾಡಿದರು. ಅದು ದುಃಖದ ಅಳು ಅಲ್ಲ, ಮುಖ ಅರಳಿತ್ತು.

"ದೇವರು ದೊಡ್ಡವ. ಮೂರು ತಿಂಗಳಾಯ್ತು ಮಗ ನಾನು ಸರಿ ನಿದ್ದೆ ಮಾಡದೆ. ಮೊಮ್ಮಗಳನ್ನು ಒಂದೇ ಬಳಿಗೆ, ಅಣ್ಣನಾಗುವವನಿಗೆ ಕೊಡ್ತಿದ್ದೇನಲ್ಲ ಅಂತ ಜೀವ ಹಿಂಡ್ತಿತ್ತು. ಹೇಳ್ಲಿಕ್ಕೆ ಮರ್ಯಾದೆ ಬಿಡ್ಲಿಲ್ಲ. ಸೂತಕದ ನೆಪದಲ್ಲಿ ಇವತ್ತಿಗೆ ತಪ್ಪಿಸುವ ಅಂತ ಬಾಗಿಲಲ್ಲಿ ಕೂತದ್ದು."

"ಅಣ್ಣ ಹೇಗಾಗ್ತಾರೆ ಅಜ್ಜಿ?" ಅಂದಳು ಹೇಮಶ್ರೀ.

"ಆ ಮೋರಿ ದೊರೆಯ ಮಗ ನಿನ್ನ ಅಜ್ಜನ ಅಪ್ಪ. ದೊರೆ ಊರಿಗೆ ಹೋಗಿ ಅಲ್ಲಿ ಇನ್ನೊಂದು ಸಂಸಾರ ಮಾಡಿದ. ನಿನ್ನ ಅಜ್ಜನಿಗೆ ಗೊತ್ತಿತ್ತು. ಓದ್ಲಿಕ್ಕೆ ಬರ್ತಿರಲಿಲ್ಲ, ತಮ್ಮ ಬರೆದದ್ದು ಮನೆಯಲ್ಲಿರಲಿ ಅಂತ ಒಂದೊಂದೇ ತರಿಸಿಟ್ರು. ಎಲ್ಲಿ, ನೀನು ಕನ್ನಡಕ ತೆಗಿ."

ಹೇಮಶ್ರೀ ಕನ್ನಡಕ ತೆಗೆದಳು. ಎಳೆ ಪೇರಳೆ ಎಲೆಯ ಬಣ್ಣದ ಎರಡು ಕಣ್ಣುಗಳು ಹರಿಪ್ರಸಾದನನ್ನು ನೋಡಿದವು. ಕನ್ನಡಕ ಮಾರಿ ಬದುಕುವ ಈ ಮನುಷ್ಯ ಮೂರು ತಿಂಗಳಲ್ಲಿ ಅವಳ ಫ್ರೇಮು ಗಮನಿಸಿದ್ದ, ಕಣ್ಣು ಗಮನಿಸಿರಲಿಲ್ಲ.

"ಹಾಗಾದ್ರೆ ಈಗ ಅಡ್ಡಿ ಎಂತದೂ ಇಲ್ಲ," ಅಂದ ಅವನು ಅವಸರದಿಂದ. "ವೀಳ್ಯ ಬದಲಾಯಿಸುವ."

ಹರಿವಾಣ ಹಿಡಿದವರು ಅದನ್ನು ಮೆಲ್ಲ ಕೆಳಗಿಟ್ಟರು. ಹೇಮಶ್ರೀಯ ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ಹೆಗಲ ಶಾಲು ತೆಗೆದರು.

"ಅದು ಹೇಗಾಗ್ತದೆ? ತೀರಿಹೋದವರು ನನಗೆ ಚಿಕ್ಕಪ್ಪ ಆಗ್ಬೇಕು. ಸೂತಕ ನಮಗೆ."

"ಕಡಲಾಚೆಯ ಸಾವು ಮಾವ. ಒಂದು ಸ್ನಾನ ಸಾಕು ಅಂತ ನೀವೇ ಹೇಳಿದ್ದು."

"ನಾನು ತಿಳಿಯದೆ ಹೇಳಿದ್ದು. ನಿಮ್ಮ ದೊಡ್ಡಪ್ಪ ಇನ್ನೂರು ಜನರ ಮುಂದೆ ತೀರ್ಮಾನ ಮಾಡಿದ್ರಲ್ಲ. ದುಬಾಯಿಯಲ್ಲಿ ಸತ್ರೆ ಸೂತಕ ಇಲ್ವಾ?"

ಇನ್ನೂರು ಜನ ಮತ್ತೆ ತಲೆದೂಗಿದರು. ಬೆಳ್ಯಪ್ಪ ಗೌಡರ ಜೀವಮಾನದಲ್ಲಿ ಒಂದು ತೀರ್ಮಾನ ಇಷ್ಟು ಬೇಗ ಜಾರಿಯಾದದ್ದು ಅದೇ ಮೊದಲು.

ಸೂತಕದ ಮನೆಯವರ ಊಟ ಉಣ್ಣುವಂತಿಲ್ಲವೆಂದು ಗಂಡಿನ ಕಡೆಯವರು ಸಾಂಬಾರಿನ ಪರಿಮಳ ಕುಡಿದೇ ವ್ಯಾನು ಹತ್ತಿದರು. ಕಿಟಕಿಯ ಹತ್ತಿರ ಹೇಮಶ್ರೀ ಬಂದು, ಮನೆಯಿಂದ ತರಿಸಿದ ಒಂದು ಗೋಣಿಚೀಲ ಒಳಗೆ ದೂಡಿದಳು. ಹದಿನೆಂಟೂ ಪುಸ್ತಕ ಅದರಲ್ಲಿದ್ದವು.

"ಆಟಿ ಕಳೀಲಿ. ಅಷ್ಟರೊಳಗೆ ಇದನ್ನೆಲ್ಲ ಓದಿ ಮುಗಿಸಿ. ನಮ್ಮ ಕುಟುಂಬದವರು ಬರೆದದ್ದು, ನಾನು ಪ್ರಶ್ನೆ ಕೇಳುದುಂಟು. ಪಾಸಾದ್ರೆ ವೀಳ್ಯ."

"ನಲವತ್ತು ತುಂಬಿದ್ರೆ ಯೋಗ ಇಲ್ಲ ಅಂತ ಜೋಯಿಸರು..."

"ಫೇಲಾದ್ರೂ ಇಲ್ಲ," ಅಂದಳು ಟೀಚರ್.

ಬೆಳ್ಳಾರೆಯಲ್ಲಿ ಮೊಯ್ದೀನ್ ವ್ಯಾನನ್ನು ಗುರುತಿಸಿ ಓಡಿಬಂದ. ಕಿಟಕಿಯಲ್ಲಿ ಹರಿಪ್ರಸಾದ ಕೂತಿದ್ದ, ತೊಡೆಯ ಮೇಲೆ ಮೊದಲನೆಯ ಪುಸ್ತಕ, ಎದೆಯ ಮಟ್ಟಕ್ಕೆ ಉಳಿದ ಹದಿನೇಳು.

"ಎಲ್ಲ ಮುಗೀತಾ ಅಣ್ಣ?"

"ಮುಗೀತು."

"ಹನ್ನೊಂದರ ಊಟ ಯಾವತ್ತು?"

ಹರಿಪ್ರಸಾದ ಬೆರಳು ಮಡಚಿ ಎಣಿಸಿದ. "ಆಟಿ ಎರಡಕ್ಕೆ."

ಮೊಯ್ದೀನ್ ಫ್ಲೆಕ್ಸಿನ ನಗುಮುಖವನ್ನು ಇನ್ನೊಮ್ಮೆ ನೋಡಿದ. "ಪಾಪ, ಒಳ್ಳೆ ಹುಡುಗ ಇದ್ದ ಹಾಗೆ ಕಾಣ್ತದೆ."

"ಇದ್ದ," ಅಂದ ಹರಿಪ್ರಸಾದ, ಕನ್ನಡಕ ಒರೆಸಿ ಹಾಕಿಕೊಂಡು ಮೊದಲನೆಯ ಪುಟ ತೆರೆದ.